ಶಟರ್ ಎಳೆದರೆ ಸದ್ದು ನಿಲ್ಲುತ್ತದೆಯೇ?

ಅಮೆರಿಕದ ಸಂಗೀತಗಾರ ಫ್ರಾಂಕ್ ಝಪ್ಪಾ 1979ರಲ್ಲಿ ‘ಜೋಸ್ ಗ್ಯಾರೇಜ್’ ಎಂಬ ರಾಕ್ ಒಪೆರಾ ಹೊರತಂದ. ಹುಡುಗರ ಗುಂಪೊಂದು ಗ್ಯಾರೇಜಿನಲ್ಲಿ ಸೇರಿ ಬ್ಯಾಂಡ್ ಕಟ್ಟುತ್ತದೆ, ನೆರೆಮನೆಯಾಕೆ ಸದ್ದು ತಗ್ಗಿಸಿ ಎಂದು ಅರಚುತ್ತಾಳೆ, ಕೊನೆಗೆ ಪೊಲೀಸರನ್ನು ಕರೆಸುತ್ತಾಳೆ. ಕಥೆ ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತದೆ. ಆದರೆ ಈ ಮೊದಲ ದೃಶ್ಯಕ್ಕೆ ಝಪ್ಪಾ ಹೆಚ್ಚಿನ ಕಲ್ಪನೆಯನ್ನೇನೂ ಖರ್ಚು ಮಾಡಬೇಕಿರಲಿಲ್ಲ. 1960ರ ದಶಕದ ಅಮೆರಿಕದ ಊರೂರಿನಲ್ಲೂ ಕಾರನ್ನು ಹೊರಗೆ ನಿಲ್ಲಿಸಿ ಡ್ರಮ್ ಸೆಟ್ ಒಳಗಿಟ್ಟುಕೊಂಡ ಹುಡುಗರಿದ್ದರು. ಅವರ ಒರಟು ಸಂಗೀತಕ್ಕೆ ‘ಗ್ಯಾರೇಜ್ ರಾಕ್’ ಎಂಬ ಹೆಸರೇ ಅಂಟಿಕೊಂಡಿತು.

ಅಲ್ಲಿ ಮನೆಗೂ ಮನೆಗೂ ನಡುವೆ ಹುಲ್ಲುಹಾಸಾದರೂ ಇತ್ತು. ಬೆಂಗಳೂರಿನ 30–40ರ ಸೈಟಿನಲ್ಲಿ ಅದೂ ಇಲ್ಲ. ನೆಲಮಹಡಿಯಲ್ಲಿ ಕಾರು ನಿಲ್ಲಿಸುವ ಜಾಗ, ಅದಕ್ಕೊಂದು ರೋಲಿಂಗ್ ಶಟರ್, ತಲೆಯ ಮೇಲೆ ಬಾಡಿಗೆದಾರರು, ಕೈಚಾಚಿದರೆ ಪಕ್ಕದ ಮನೆಯ ಅಡುಗೆಮನೆ ಕಿಟಕಿ. ಕಾಲೇಜು ಹುಡುಗರು ನಾಲ್ಕು ಜನ ಸೇರಿ ಅಲ್ಲಿ ಒಂದು ಡ್ರಮ್ ಸೆಟ್, ಎರಡು ಗಿಟಾರ್, ಒಂದು ಬೇಸ್ ಇಟ್ಟುಕೊಂಡರೆಂದರೆ ಮೊದಲ ದೂರು ಬರುವುದಕ್ಕೆ ವಾರವೂ ಬೇಕಾಗುವುದಿಲ್ಲ. ದೂರು ಬಂದ ಮರುದಿನವೇ ಹುಡುಗರು ಗೋಡೆಗೆ ಅಂಟಿಸಿ ಸದ್ದು ತಡೆಯಲೆಂದು ಮೊಟ್ಟೆ ಟ್ರೇ ಹುಡುಕಿಕೊಂಡು ಹೊರಡುತ್ತಾರೆ. ಹಾದಿ ತಪ್ಪುವುದೂ ಅಲ್ಲಿಂದಲೇ.

ಟ್ರೇಗೆ ಬರುವ ಮೊದಲು ಸ್ವಲ್ಪ ಲೆಕ್ಕ. ಜೋರಾಗಿ ಬಾರಿಸುವ ಡ್ರಮ್ ಸೆಟ್ಟಿನ ಪಕ್ಕದಲ್ಲಿ ಶಬ್ದದ ಮಟ್ಟ 100ರಿಂದ 110 ಡೆಸಿಬಲ್ ಇರುತ್ತದೆ. ಭಾರತದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇಟ್ಟಿವೆ. ಹಗಲೆಂದರೆ ಬೆಳಗ್ಗೆ 6ರಿಂದ ರಾತ್ರಿ 10. ಖಾಸಗಿ ಜಾಗದಲ್ಲಿ ನುಡಿಸುವ ವಾದ್ಯದ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು ಎಂದೂ ಅದರಲ್ಲಿದೆ. ಅಂದರೆ ಹಗಲಿನಲ್ಲಿ ಕಾಂಪೌಂಡ್ ಗೋಡೆಯ ಬಳಿ 60 ದಾಟಬಾರದು. ಒಳಗಿನ 105 ಹೊರಗೆ 60 ಆಗಬೇಕಾದರೆ 45 ಡೆಸಿಬಲ್ ಎಲ್ಲೋ ಕಳೆದುಹೋಗಬೇಕು. ಡೆಸಿಬಲ್ ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದಲ್ಲ. 10 ಡೆಸಿಬಲ್ ಇಳಿದರೆ ಶಬ್ದದ ಶಕ್ತಿ ಹತ್ತನೇ ಒಂದಕ್ಕೆ ಇಳಿಯುತ್ತದೆ, ಕಿವಿಗೆ ಮಾತ್ರ ಸದ್ದು ಅರ್ಧವಾದಷ್ಟೇ ಅನಿಸುತ್ತದೆ. 45 ಇಳಿಸುವುದೆಂದರೆ ಶಕ್ತಿಯನ್ನು ಮೂವತ್ತು ಸಾವಿರದಲ್ಲಿ ಒಂದು ಪಾಲಿಗೆ ತರುವುದು. ಇದು ಮೊಟ್ಟೆ ಟ್ರೇ ಕೈಲಾಗುವ ಕೆಲಸವಲ್ಲ.

ಟ್ರೇ, ಸ್ಪಂಜು, ಕಾರ್ಪೆಟ್, ಹಳೆ ಹಾಸಿಗೆ, ದಪ್ಪ ಪರದೆ ಇವೆಲ್ಲ ಮಾಡುವುದು ಬೇರೆಯೇ ಕೆಲಸ. ಆ ಕೆಲಸ ಯಾವುದೆಂದು ಲೆಕ್ಕ ಹಾಕಿ ತೋರಿಸಿದವನು ವ್ಯಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡ್ ಗುಂಯ್‌ಗುಡುತ್ತ ಉಳಿಯುತ್ತಿತ್ತು, ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಯುವ ಭೌತಶಾಸ್ತ್ರಜ್ಞ ಸಬೈನ್‌ಗೆ ಅದನ್ನು ಸರಿಪಡಿಸುವ ಹೊಣೆ ಬಿತ್ತು. ಆತ ರಾತ್ರಿ ಹೊತ್ತು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟುಗಳ ಮೆತ್ತೆಗಳನ್ನು ಹೊರಿಸಿ ತರಿಸಿ, ಕೋಣೆಯೊಳಗೆ ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಗುಂಯ್‌ಗಾಟ ಇಳಿಯುತ್ತದೆಂದು ಅಳೆದು, ಬೆಳಗಾಗುವುದರೊಳಗೆ ಎಲ್ಲವನ್ನೂ ಹಿಂದಕ್ಕೆ ಕಳಿಸುತ್ತಿದ್ದ. ಇಂದಿಗೂ ಸಭಾಂಗಣ ಕಟ್ಟುವವರು ಬಳಸುವ ಸೂತ್ರ ಹುಟ್ಟಿದ್ದು ಆ ಮೆತ್ತೆಗಳಿಂದ. ಮೆತ್ತನೆಯ ವಸ್ತು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆ. ಹೊರಗೆ ಹೊರಟ ಸದ್ದನ್ನು ಅದು ತಡೆಯುವುದಿಲ್ಲ. ಪರೀಕ್ಷೆ ಸುಲಭ: ಬಾಯಿಗೆ ಹಿಡಿದು ಊದಿದಾಗ ಉಸಿರು ಆಚೆ ದಾಟುವ ವಸ್ತುವಿನಿಂದ ಸದ್ದೂ ದಾಟುತ್ತದೆ.

ಹೀಗಾಗಿ ಫೋಮ್ ಅಂಟಿಸಿದ ಮೇಲೆ ಒಳಗಿನವರಿಗೆ ‘ಆಹಾ, ಎಷ್ಟು ವ್ಯತ್ಯಾಸ’ ಎನ್ನಿಸುತ್ತದೆ, ಹೊರಗಿನವರಿಗೆ ಏನೂ ಅನ್ನಿಸುವುದಿಲ್ಲ.

ಇದರಲ್ಲಿ ನಗುವ ವಿಷಯ ಇಷ್ಟೇ. ಮುಂದಿನದು ಭಯಂಕರ. ಅಮೆರಿಕದ ರೋಡ್ ಐಲೆಂಡಿನ ‘ದಿ ಸ್ಟೇಷನ್’ ಎಂಬ ನೈಟ್‌ಕ್ಲಬ್ಬಿನ ಬಗ್ಗೆ ನೆರೆಯವರು ಸದ್ದಿನ ದೂರು ಕೊಟ್ಟರೆಂದು ಮಾಲೀಕರು ವೇದಿಕೆಯ ಸುತ್ತ ಪಾಲಿಯುರೆಥೇನ್ ಫೋಮ್ ಅಂಟಿಸಿದ್ದರು. 2003ರ ಫೆಬ್ರುವರಿ 20ರ ರಾತ್ರಿ ‘ಗ್ರೇಟ್ ವೈಟ್’ ಬ್ಯಾಂಡಿನ ಪ್ರದರ್ಶನದಲ್ಲಿ ಹಚ್ಚಿದ ಹೂಬಾಣಗಳ ಕಿಡಿ ಆ ಫೋಮಿಗೆ ತಗುಲಿತು. ಸತ್ತವರು 100 ಜನ. ಹತ್ತು ವರ್ಷದ ಬಳಿಕ, 2013ರ ಜನವರಿಯಲ್ಲಿ, ಬ್ರೆಜಿಲಿನ ಸಾಂತಾ ಮರಿಯಾ ಊರಿನ ‘ಕಿಸ್’ ನೈಟ್‌ಕ್ಲಬ್ಬಿನಲ್ಲಿ ಇದೇ ಬಗೆಯ ಬೆಂಕಿ 242 ಜನರನ್ನು ಕೊಂದಿತು. ಈ ಫೋಮ್ ಉರಿದಾಗ ಬರುವ ಹೊಗೆಯಲ್ಲಿ ಸೈನೈಡ್ ವಿಷವಿರುತ್ತದೆ, ಓಡಲು ಸಿಗುವ ಸಮಯ ತೀರಾ ಕಡಿಮೆ. ಗ್ಯಾರೇಜಿನಲ್ಲಿ ಯಾರೂ ಹೂಬಾಣ ಹಚ್ಚುವುದಿಲ್ಲ, ನಿಜ. ಆದರೆ ಬಿಸಿಯಾದ ಆ್ಯಂಪ್, ಒಂದೇ ಪ್ಲಗ್ಗಿನಿಂದ ಹೊರಟ ಐದಾರು ಎಕ್ಸ್‌ಟೆನ್ಷನ್ ವೈರು, ಮೂಲೆಯಲ್ಲಿ ನಿಂತ ಪೆಟ್ರೋಲ್ ತುಂಬಿದ ಸ್ಕೂಟರ್, ಕೆಳಗಿಳಿಸಿದ ಶಟರ್ ಇಷ್ಟೂ ಇರುವ ಕಡೆ ಗೋಡೆ ತುಂಬ ಸ್ಪಂಜು, ಥರ್ಮೋಕೋಲ್, ಕಾಗದದ ಟ್ರೇ ಅಂಟಿಸುವುದು ಶುದ್ಧ ಹುಚ್ಚುತನ. ಸ್ಕೂಟರ್ ಮೊದಲು ಹೊರಗೆ ಹೋಗಲಿ. ಹೀರುವ ವಸ್ತು ಬೇಕೇಬೇಕೆಂದರೆ ರಾಕ್‌ವೂಲ್ ಇದೆ. ಕಲ್ಲು ಕರಗಿಸಿ ಎಳೆದ ನೂಲು ಅದು, ಬೆಂಕಿ ಹತ್ತಿಕೊಳ್ಳುವುದಿಲ್ಲ. ಬಟ್ಟೆ ಹೊದೆಸಿ ಚೌಕಟ್ಟಿನಲ್ಲಿ ಕೂರಿಸಬಹುದು.

ಹಾಗಾದರೆ ಸದ್ದು ತಡೆಯುವುದು ಯಾವುದು? ಮೊದಲನೆಯದು, ಗಾಳಿಯಾಡದಂತೆ ಮುಚ್ಚುವುದು. ಸದ್ದಿನ ವಿಷಯದಲ್ಲಿ ಸಣ್ಣ ಕಿಂಡಿಗೆ ಇರುವ ಬಲ ನಂಬಲಿಕ್ಕಾಗದಷ್ಟು. 50 ಡೆಸಿಬಲ್ ತಡೆಯಬಲ್ಲ ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಆ ಇಡೀ ಗೋಡೆ ತಡೆಯುವುದು 20 ಡೆಸಿಬಲ್ ಮಾತ್ರ. ಸಾವಿರದಲ್ಲಿ ಒಂದು ಪಾಲು ತೆರೆದಿದ್ದರೂ 30ಕ್ಕೆ ನಿಲ್ಲುತ್ತದೆ. ಸಾಮಾನ್ಯ ಬಾಗಿಲಿನ ಕೆಳಗೆ ಒಂದು ಸೆಂಟಿಮೀಟರ್ ಸಂದು ಬಿಟ್ಟರೆ ಅದೇ ಬಾಗಿಲಿನ ಅರ್ಧ ಶೇಕಡಾದಷ್ಟಾಗುತ್ತದೆ. ಆಮೇಲೆ ತೇಗದ ಬಾಗಿಲೇ ಹಾಕಿ, ಕಬ್ಬಿಣದ ಬಾಗಿಲೇ ಹಾಕಿ, ಲೆಕ್ಕ 23ರ ಆಸುಪಾಸಿನಿಂದ ಮೇಲೇಳುವುದಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೂ ಹೈದರನ ಸೈನಿಕರು ನುಸುಳಿದ್ದು ಒಂದು ಕಿಂಡಿಯಿಂದಲೇ ಅಲ್ಲವೇ.

ಗ್ಯಾರೇಜಿನ ಕಿಂಡಿಗಳನ್ನು ಪತ್ತೆ ಮಾಡಲು ಯಾವ ಉಪಕರಣವೂ ಬೇಡ. ಬಿಸಿಲು ಸುಡುವ ನಡುಮಧ್ಯಾಹ್ನ ಒಳಗೆ ಹೋಗಿ, ಶಟರ್ ಪೂರ್ತಿ ಇಳಿಸಿ, ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಲ್ಲಬೇಕು. ಶಟರಿನ ಪಟ್ಟಿ ಪಟ್ಟಿಯ ಜೋಡಣೆಯಲ್ಲೂ ಬೆಳಕಿನ ಗೆರೆ ಕಾಣುತ್ತದೆ. ಎರಡೂ ಪಕ್ಕದ ಹಳಿಯಲ್ಲಿ ಬೆರಳು ತೂರುವಷ್ಟು ಸಂದು. ಮೇಲೆ ಶಟರ್ ಸುತ್ತಿಕೊಳ್ಳುವ ಡಬ್ಬಿಯ ಹಿಂದೆ ಒಂದು ಗೇಣು ಖಾಲಿ. ಕೆಳಗೆ, ನೆಲ ಇಳಿಜಾರಾಗಿರುವ ಕಡೆ, ಇಲಿ ಓಡಾಡುವಷ್ಟು ಜಾಗ. ಹಿಂದಿನ ಗೋಡೆಯ ಸಿಮೆಂಟ್ ಜಾಲಿ, ಎಕ್ಸಾಸ್ಟ್ ಫ್ಯಾನಿನ ತೂತು, ನೀರಿನ ಪೈಪು ಹೊರಬಿದ್ದ ಕಡೆ ಗಾರೆ ಮೆತ್ತದೆ ಬಿಟ್ಟ ಬಳೆಯಾಕಾರದ ಸಂದು, ಎಲ್ಲವೂ ಒಂದೊಂದಾಗಿ ಹೊಳೆಯತೊಡಗುತ್ತವೆ. ಬೆಳಕು ಬಂದಲ್ಲೆಲ್ಲ ಸದ್ದು ಹೋಗುತ್ತದೆ. ಪೈಪಿನ ಸಂದಿಗೆ ಗಾರೆ, ಸಣ್ಣ ಬಿರುಕಿಗೆ ಸೀಲಂಟ್, ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ. ಅಗ್ಗದ ಕೆಲಸಗಳಿವು. ಒಂದು ಭಾನುವಾರದ ಕೆಲಸವೂ ಹೌದು.

ಶಟರ್ ಮಾತ್ರ ಪಟ್ಟಿಗೆ ಬಗ್ಗುವುದಲ್ಲ. ಸದ್ದು ತಡೆಯುವ ಎರಡನೆಯ ಸಂಗತಿ ತೂಕ. ಎರಡೂ ಬದಿ ಗಾರೆ ಹೊಡೆದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 400 ಕಿಲೋ ಮೀರುತ್ತದೆ, ಸುಮಾರು 50 ಡೆಸಿಬಲ್ ತಡೆಯುತ್ತದೆ. ಶಟರಿನ ತಗಡು ಚದರ ಮೀಟರಿಗೆ ಹತ್ತು ಕಿಲೋ ಆಸುಪಾಸು. ಮೂರು ಕಡೆ ಇಂಥ ಗೋಡೆ, ನಾಲ್ಕನೆಯ ಕಡೆ ತಗಡು. ಮೂರು ಗೋಡೆಗೆ ಎಷ್ಟೇ ದುಡ್ಡು ಸುರಿದರೂ ಪ್ರಯೋಜನ ಸೊನ್ನೆ, ಏಕೆಂದರೆ ಸದ್ದು ಹೋಗುತ್ತಿರುವುದೇ ನಾಲ್ಕನೆಯ ಕಡೆಯಿಂದ. ಹಾಗಾಗಿ ಮೊದಲ ದೊಡ್ಡ ಖರ್ಚು ಶಟರಿನ ಹಿಂದೆ, ಒಳಬದಿಯಲ್ಲಿ ಒಂದು ನಿಜವಾದ ಗೋಡೆ ಎಬ್ಬಿಸಿ, ಅದಕ್ಕೆ ಭಾರದ ಬಾಗಿಲು ಕೂರಿಸುವುದಕ್ಕೆ ಆಗಬೇಕು. ಇಟ್ಟಿಗೆಯಾದರೆ ಉತ್ತಮ. ಬಾಡಿಗೆ ಮನೆಯೆಂದು ಇಟ್ಟಿಗೆ ಕಟ್ಟಲಾಗದಿದ್ದರೆ ಚೌಕಟ್ಟಿನ ಎರಡೂ ಮಗ್ಗುಲಿಗೆ ಎರಡೆರಡು ಪದರ ಜಿಪ್ಸಂ ಬೋರ್ಡ್, ನಡುವೆ ರಾಕ್‌ವೂಲ್. ಮೊದಲ ಪದರದ ಜೋಡಣೆಯ ಗೆರೆಯ ಮೇಲೆ ಎರಡನೆಯ ಪದರದ ಗೆರೆ ಬರಬಾರದು.

ಇಲ್ಲೊಂದು ತಕರಾರು ಎದುರಾಗುತ್ತದೆ. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ಜಾಗಕ್ಕೆ ಗೋಡೆ ಎಬ್ಬಿಸಿ ಬೇರೆ ಕೆಲಸಕ್ಕೆ ಬಳಸುವುದು ಕಟ್ಟಡ ನಿಯಮಕ್ಕೆ ಒಪ್ಪುವುದಿಲ್ಲ. ಕಾರು ರಸ್ತೆಗೆ ಬಂದರೆ ಸದ್ದಿನ ಜಗಳದ ಜೊತೆ ಪಾರ್ಕಿಂಗ್ ಜಗಳವೂ ಸೇರಿಕೊಳ್ಳುತ್ತದೆ. ಬಿಚ್ಚಿ ತೆಗೆಯಬಹುದಾದ ಚೌಕಟ್ಟಿನ ಗೋಡೆಗೆ ಈ ಕಾರಣಕ್ಕೂ ಒಂದು ಅಂಕ ಹೆಚ್ಚು.

ಇಷ್ಟೆಲ್ಲ ಮಾಡಿದ ಮೇಲೆ ಸಿಂಬಲ್ಲಿನ ಛಣಛಣ, ಗಿಟಾರಿನ ಕಿರುಚು, ಹಾಡುಗಾರನ ಕೂಗು ಬಹುಮಟ್ಟಿಗೆ ಅಡಗುತ್ತವೆ. ಉಳಿಯುವುದು ಕಿಕ್ ಡ್ರಮ್ಮಿನ ಧಡ್ ಧಡ್ ಮತ್ತು ಬೇಸ್ ಗಿಟಾರಿನ ಗುಡುಗು. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗಿಂತ ಹೆಚ್ಚು. ಕಾರು ನಿಲ್ಲುವ ಕೋಣೆಗಿಂತ ಅಲೆಯೇ ಉದ್ದ! ಎರಡಿಂಚಿನ ಫೋಮ್ ಅದರ ಕಣ್ಣಿಗೂ ಬೀಳುವುದಿಲ್ಲ. ಗೋಡೆಯ ತೂಕ ಎರಡು ಪಟ್ಟಾದರೆ ತಡೆಯುವ ಶಕ್ತಿ ಸುಮಾರು 6 ಡೆಸಿಬಲ್ ಏರುತ್ತದೆ, ಸ್ವರದ ಕಂಪನ ಅರ್ಧಕ್ಕಿಳಿದರೆ ಅಷ್ಟೇ 6 ಇಳಿಯುತ್ತದೆ. ಸಿಂಬಲ್ಲಿನ 4000 ಕಂಪನದಿಂದ ಕಿಕ್ ಡ್ರಮ್ಮಿನ 60ರ ಆಸುಪಾಸಿಗೆ ಬರುವಷ್ಟರಲ್ಲಿ ಅದೇ ಗೋಡೆ, ಲೆಕ್ಕದ ಪ್ರಕಾರ, 36 ಡೆಸಿಬಲ್ ದುರ್ಬಲವಾಗಿರುತ್ತದೆ.

ಕಾನೂನಿನ ಮಾಪಕಕ್ಕೆ ಈ ಕೆಳಸ್ವರಗಳ ಸದ್ದು ಸರಿಯಾಗಿ ಕಾಣುವುದೂ ಇಲ್ಲ. ನಿಯಮದಲ್ಲಿರುವ ಡೆಸಿಬಲ್ ‘ಎ’ ತೂಕದ್ದು. ಮೆಲುದನಿಯನ್ನು ಕಿವಿ ಕೇಳುವ ಬಗೆಗೆ ಹೊಂದಿಸಿ ಕೆಳಸ್ವರಗಳ ಲೆಕ್ಕವನ್ನು ಇಳಿಸುವ ಅಳತೆ ಅದು. 50 ಕಂಪನದ ಸ್ವರಕ್ಕೆ ಅದು 30 ಡೆಸಿಬಲ್ ಕಡಿತ ಕೊಡುತ್ತದೆ. ಮೊಬೈಲ್ ಆ್ಯಪ್ ಹಿಡಿದು ‘ನೋಡಿ ಅಂಕಲ್, 52 ಅಷ್ಟೇ ತೋರಿಸ್ತಿದೆ’ ಎಂದು ಹುಡುಗರು ವಾದಿಸುತ್ತಾರೆ. ‘ನಮ್ಮ ಮನೆ ಕಿಟಕಿ ಗಾಜು ನಡುಗ್ತಿದೆಯಲ್ಲಪ್ಪ’ ಎಂದು ಅಂಕಲ್ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ್ಯಪಿನಲ್ಲಿ ಕೆಳಸ್ವರಗಳನ್ನು ಅಷ್ಟಾಗಿ ಕಡಿತಗೊಳಿಸದ ‘ಸಿ’ ತೂಕದ ಆಯ್ಕೆ ಇದ್ದರೆ ಅದನ್ನು ಒತ್ತಿ ನೋಡಬೇಕು. ‘ಎ’ಗೂ ‘ಸಿ’ಗೂ ಅಂತರ ಹೆಚ್ಚಿದ್ದಷ್ಟೂ ತೊಂದರೆ ಬೇಸಿನದೆಂದು ಅರ್ಥ.

ಮೇಲಿನ ಮನೆಯವರ ಕಷ್ಟ ಇನ್ನೊಂದು ಬಗೆಯದು. ನಡುವಿನ ಆರ್‌ಸಿಸಿ ತಾರಸಿ ಐದಿಂಚಿನದಾದರೂ ಚದರ ಮೀಟರಿಗೆ 300 ಕಿಲೋ ತೂಗುತ್ತದೆ, ಗಾಳಿಯಲ್ಲಿ ಬರುವ ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಕಿಕ್ ಡ್ರಮ್ಮಿನ ಪೆಡಲ್ ತುಳಿದಾಗ ಏಟು ನೆಲಕ್ಕೂ ಬೀಳುತ್ತದೆ. ನೆಲದಿಂದ ಕಂಬಕ್ಕೆ, ಕಂಬದಿಂದ ತಾರಸಿಗೆ, ತಾರಸಿಯಿಂದ ಮೇಲೆ ಮಲಗಿದವರ ಮಂಚಕ್ಕೆ. ಇದಕ್ಕೆ ಮದ್ದು ತೂಕವಲ್ಲ, ಸಂಪರ್ಕ ಕಡಿಯುವುದು. ಎಲೆಕ್ಟ್ರಾನಿಕ್ ಡ್ರಮ್ ನುಡಿಸುವ ಅಪಾರ್ಟ್‌ಮೆಂಟ್‌ವಾಸಿಗಳು ಬಳಕೆಗೆ ತಂದ ಉಪಾಯವೊಂದಿದೆ: ಎರಡು ದಪ್ಪ ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಸಾಲಾಗಿ ಕೂರಿಸಿ ಅದರ ಮೇಲೆ ಡ್ರಮ್ ಸೆಟ್ ಇಡುವುದು. ಚೆಂಡು ಉರುಳದಂತೆ ಹಲಗೆಯಲ್ಲಿ ಅರ್ಧ ಗುಳಿ ತೋಡಿರುತ್ತಾರೆ. ರಬ್ಬರ್ ಪ್ಯಾಡ್ ಆದರೂ ಆದೀತು. ಬೇಸಿನ ಸ್ಪೀಕರ್ ಪೆಟ್ಟಿಗೆಯನ್ನೂ ನೆಲಕ್ಕೆ ತಾಗದಂತೆ ಹೀಗೇ ಎತ್ತರಿಸಬೇಕು.

ವೃತ್ತಿಪರ ಸ್ಟುಡಿಯೊಗಳು ಇದೇ ತತ್ವವನ್ನು ಕೊನೆಮುಟ್ಟಿಸುತ್ತವೆ. ರಬ್ಬರಿನ ಮೇಲೆ ತೇಲುವ ನೆಲ, ಹಳೆಯ ಗೋಡೆಗೆ ಎಲ್ಲೂ ತಾಗದ ಹೊಸ ಗೋಡೆ, ಸ್ಪ್ರಿಂಗಿಗೆ ತೂಗುವ ಸೂರು, ಒಟ್ಟಿನಲ್ಲಿ ಕೋಣೆಯೊಳಗೆ ಇನ್ನೊಂದು ಕೋಣೆ. ಫಲ ಖಚಿತ, ಖರ್ಚೂ ಅಷ್ಟೇ ಖಚಿತ. ಅರೆಬರೆ ಮಾಡಿದರೆ ತಿರುಗಿ ಬಡಿಯುತ್ತದೆ: ಇಟ್ಟಿಗೆ ಗೋಡೆಗೆ ಒಂದೆರಡು ಇಂಚು ಸಂದು ಬಿಟ್ಟು ತೆಳು ಹಲಗೆ ಹೊಡೆದರೆ ನಡುವಿನ ಗಾಳಿಯೇ ಸ್ಪ್ರಿಂಗಿನಂತೆ ಕುಣಿದು ಕೆಲವು ಕೆಳಸ್ವರಗಳು ಮೊದಲಿಗಿಂತ ಸಲೀಸಾಗಿ ದಾಟುತ್ತವೆ. ಬಿಗಿಯಾಗಿ ಮುಚ್ಚಿದ ಕೋಣೆಗೆ ಉಸಿರೂ ಬೇಕು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಒಳಮೈಗೆ ರಾಕ್‌ವೂಲ್ ಹಚ್ಚಿದ, ಅಂಕುಡೊಂಕು ದಾರಿಯ ಪೆಟ್ಟಿಗೆಯಲ್ಲಿ ಸಣ್ಣ ಫ್ಯಾನ್ ಇಟ್ಟು ಗಾಳಿ ಹಾಯಿಸುವುದು ರೂಢಿ. ಗಾಳಿ ತಿರುವುಗಳಲ್ಲಿ ಹಾದುಬರುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಕರಗುತ್ತದೆ.

ಇಷ್ಟು ಓದಿದ ಮೇಲೆ ಮನೆಯ ಯಜಮಾನ ‘ಬ್ಯಾಂಡೂ ಬೇಡ, ಗ್ಯಾರೇಜೂ ಬೇಡ’ ಎಂದರೆ ಆಶ್ಚರ್ಯವಿಲ್ಲ. ಆದರೆ ಗೋಡೆಗೆ ಹಾಕುವ ದುಡ್ಡಿನ ಸಣ್ಣ ಪಾಲನ್ನು ವಾದ್ಯಗಳಿಗೆ ಹಾಕಿದರೆ ಬಹುತೇಕ ಬ್ಯಾಂಡ್‌ಗಳ ತೊಂದರೆ ಅರ್ಧಕ್ಕಿಂತ ಹೆಚ್ಚು ತೀರುತ್ತದೆ. ಹುಟ್ಟಿದ ಸದ್ದನ್ನು ಹಿಡಿದಿಡುವುದು ದುಬಾರಿ, ಹುಟ್ಟುವುದನ್ನೇ ತಗ್ಗಿಸುವುದು ಅಗ್ಗ. ಇಲ್ಲಿ ಡ್ರಮ್ಮರ್‌ನಿಂದಲೇ ಶುರು ಮಾಡಬೇಕು. ಬೇರೆಯವರು ಸದ್ದೇರಿಸುವುದೇ ಅವನ ಮೇಲೆ ತಮ್ಮ ವಾದ್ಯ ಕೇಳಿಸಲೆಂದು. ಅವನೊಬ್ಬ ತಗ್ಗಿದರೆ ಗಿಟಾರ್ ತಗ್ಗುತ್ತದೆ, ಗಿಟಾರ್ ತಗ್ಗಿದರೆ ಹಾಡುಗಾರನ ಗಂಟಲೂ ಉಳಿಯುತ್ತದೆ. ಕಿಕ್ ಡ್ರಮ್ಮಿನೊಳಗೆ ಒಂದು ತಲೆದಿಂಬು. ಸ್ನೇರ್, ಟಾಮ್‌ಗಳ ಮೇಲೆ ರಬ್ಬರ್ ಮ್ಯೂಟ್. ಗಟ್ಟಿ ಕೋಲಿನ ಬದಲು ತೆಳು ಕಡ್ಡಿಗಳ ಕಟ್ಟು. ಮೈತುಂಬ ತೂತು ಕೊರೆದ ಮೆಲುದನಿಯ ಸಿಂಬಲ್‌ಗಳೂ ಸಿಗುತ್ತವೆ. ಡ್ರಮ್ಮರ್‌ಗಳು ಇದಕ್ಕೆಲ್ಲ ಮೂಗು ಮುರಿಯುತ್ತಾರೆ, ಕೋಲು ಪುಟಿಯುವ ರೀತಿ ಬೇರೆ ಎನ್ನುತ್ತಾರೆ. ಮಾತು ನಿಜ. ಆದರೆ ಕೇರಳದಲ್ಲಿ ಚೆಂಡೆ ಕಲಿಯುವವರು ತಿಂಗಳುಗಟ್ಟಲೆ ಕಲ್ಲಿನ ಮೇಲೆ, ಮರದ ತುಂಡಿನ ಮೇಲೆ ಹುಣಸೆ ಕೋಲಿನಿಂದ ಸಾಧನೆ ಮಾಡಿಯೇ ಚರ್ಮಕ್ಕೆ ಕೈ ಹಾಕುವುದು. ಕೈ ಪಳಗಲು ಸದ್ದು ಬೇಕೇಬೇಕೆಂದೇನಿಲ್ಲ.

ಎಲೆಕ್ಟ್ರಾನಿಕ್ ಡ್ರಮ್ ಕೊಳ್ಳುವ ಶಕ್ತಿಯಿದ್ದರೆ ಇನ್ನೂ ಸುಲಭ. ಜಪಾನಿನ ರೋಲ್ಯಾಂಡ್ ಕಂಪನಿ 1997ರಲ್ಲಿ ಬಲೆಯಂಥ ಜಾಳಿಗೆ ಬಿಗಿದ ಪ್ಯಾಡುಗಳ ವಿ-ಡ್ರಮ್ಸ್ ತಂದ ಮೇಲೆ ರಬ್ಬರ್ ಬಡಿದ ಅನುಭವ ತಪ್ಪಿ ಚರ್ಮದ ಪುಟಿತ ಹತ್ತಿರಕ್ಕೆ ಬಂತು. ಡ್ರಮ್, ಬೇಸ್, ಗಿಟಾರ್ ಎಲ್ಲದರ ವೈರನ್ನೂ ಒಂದು ಸಣ್ಣ ಮಿಕ್ಸರಿಗೆ ಕೊಟ್ಟು ಎಲ್ಲರೂ ಹೆಡ್‌ಫೋನ್ ಹಾಕಿಕೊಂಡರೆ ಶಟರ್ ತೆರೆದಿಟ್ಟೇ ನುಡಿಸಬಹುದು. ಒಂದೇ ಎಡವಟ್ಟೆಂದರೆ ಹಾಡುಗಾರನಿಗೆ ಮ್ಯೂಟ್ ಇಲ್ಲ. ರಸ್ತೆಯಲ್ಲಿ ಹೋಗುವವರಿಗೆ ವಾದ್ಯವೇ ಇಲ್ಲದೆ ಒಬ್ಬ ತರುಣ ಗ್ಯಾರೇಜಿನಲ್ಲಿ ನಿಂತು ಸುಮ್ಮನೆ ಅರಚುತ್ತಿರುವುದು ಕೇಳಿಸುತ್ತದೆ, ಅದರ ಜೊತೆ ಪ್ಯಾಡಿನ ಪಟಪಟ.

ಆ್ಯಂಪ್ ಬಿಡಲಾರದವರಿಗೂ ದಾರಿಯಿದೆ. ಚಿಕ್ಕ ಆ್ಯಂಪ್ ಕೊಂಡರೆ ಸಾಕೆಂಬುದು ಅರ್ಧಸತ್ಯ. 100 ವಾಟಿನಿಂದ 50ಕ್ಕೆ ಇಳಿದರೆ ಕಡಿಮೆಯಾಗುವುದು 3 ಡೆಸಿಬಲ್, 10 ವಾಟಿಗೆ ಇಳಿದರೂ 10 ಡೆಸಿಬಲ್. ಅದಕ್ಕಿಂತ ಆ್ಯಂಪ್ ಇಡುವ ರೀತಿ ಮುಖ್ಯ. ನೆಲದ ಮೇಲಿಟ್ಟ ಆ್ಯಂಪ್ ಗಿಟಾರ್‌ನವನ ಮೊಣಕಾಲಿಗೆ ನುಡಿಸುತ್ತಿರುತ್ತದೆ, ತನಗೆ ಕೇಳಿಸುತ್ತಿಲ್ಲವೆಂದು ಅವನು ತಿರುಪು ಏರಿಸುತ್ತಾನೆ. ಕುರ್ಚಿಯ ಮೇಲಿಟ್ಟು ಕಿವಿಯ ಕಡೆಗೆ ವಾಲಿಸಿದರೆ ತಾನೇ ಇಳಿಸುತ್ತಾನೆ. ಫೋಮ್, ಕಾರ್ಪೆಟ್‌ಗಳ ನಿಜವಾದ ಉಪಯೋಗವೂ ಇಲ್ಲೇ: ಗುಂಯ್‌ಗಾಟ ತಗ್ಗಿದ ಕೋಣೆಯಲ್ಲಿ ಒಬ್ಬರದೊಬ್ಬರಿಗೆ ಸ್ಪಷ್ಟವಾಗಿ ಕೇಳಿಸುವುದರಿಂದ ಎಲ್ಲರೂ ಮೆಲ್ಲಗೆ ನುಡಿಸುತ್ತಾರೆ.

ಮೆಲ್ಲಗೆ ನುಡಿಸಲು ಇನ್ನೊಂದು ಕಾರಣವೂ ಇದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಕಿವಿಗೆ ಇಟ್ಟ ಮಿತಿ ದಿನಕ್ಕೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ. ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದಾಗ ಉಳಿಯುವುದು ಹದಿನೈದು ನಿಮಿಷ. ಎರಡು ಗಂಟೆಯ ಅಭ್ಯಾಸದಲ್ಲಿ ಮೊದಲ ಮೂರು ಹಾಡಿಗೇ ಆ ದಿನದ ಪಾಲು ಮುಗಿದಿರುತ್ತದೆ. ಸದ್ದು ಹೊರಹೋಗದಂತೆ ಬಿಗಿದ ಕೋಣೆಯಲ್ಲಿ ಒಳಗಿನವರ ಪಾಡು ಇನ್ನೂ ಹದಗೆಡುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್‌ಗಳು ಸ್ವರ ಕೆಡಿಸದೆ 15–20 ಡೆಸಿಬಲ್ ಇಳಿಸುತ್ತವೆ.

ಕೊನೆಯದು ಹೊತ್ತಿನ ಮಾತು. ಪ್ರತಿಯೊಬ್ಬರೂ ತಮ್ಮ ಭಾಗವನ್ನು ಮನೆಯಲ್ಲಿ ಹೆಡ್‌ಫೋನ್ ಹಾಕಿ ಕಲಿತು ಬಂದರೆ ಗ್ಯಾರೇಜಿನ ಮೂರು ಗಂಟೆ ಒಂದು ಗಂಟೆಗೆ ಇಳಿಯುತ್ತದೆ. ಆ ಒಂದು ಗಂಟೆ ಸಂಜೆ 5ರಿಂದ 6 ಎಂದು ವಾರದ ಇಂತಿಷ್ಟೇ ದಿನಕ್ಕೆ ಗೊತ್ತುಮಾಡಿ, ಮೇಲಿನವರಿಗೂ ಪಕ್ಕದವರಿಗೂ ಮೊದಲೇ ಹೇಳಿ, ತಮ್ಮ ನಂಬರ್ ಕೊಟ್ಟು ಬರಬೇಕು. ದೂರಿನ ಕರೆ ಠಾಣೆಗೆ ಹೋಗುವ ಬದಲು ಹುಡುಗರ ಮೊಬೈಲಿಗೇ ಬರುತ್ತದೆ. ಡ್ರಮ್ಮರ್ ನುಡಿಸುತ್ತಿರುವಾಗ ಬೇಸಿನವನು ಪಕ್ಕದ ಮನೆಯ ಹಾಲಿನಲ್ಲಿ ಐದು ನಿಮಿಷ ಕೂತು ಕೇಳಿ ಬಂದರೆ ಇನ್ನೂ ಒಳ್ಳೆಯದು, ಎಷ್ಟು ಇಳಿಸಬೇಕೆಂಬುದು ಆ್ಯಪಿಗಿಂತ ಚೆನ್ನಾಗಿ ತಿಳಿಯುತ್ತದೆ. ಮಾರ್ಚ್ ಹತ್ತಿರ ಬಂದು ಬೀದಿಯ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ಪುಸ್ತಕ ಹಿಡಿದು ಕೂರುವ ವಾರಗಳಲ್ಲಿ ಮಾತ್ರ ಯಾವ ರಾಕ್‌ವೂಲೂ ನೆರವಿಗೆ ಬರುವುದಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮುಗಳು ಬೆಂಗಳೂರಿನಲ್ಲಿವೆ. ನಾಲ್ವರು ಹಂಚಿಕೊಂಡು ಅಲ್ಲಿ ಬುಕ್ ಮಾಡುವುದೇ ಸರಿ, ಡ್ರಮ್ ಸೆಟ್ ಹೊತ್ತೊಯ್ಯುವ ಕಷ್ಟವೂ ಇರುವುದಿಲ್ಲ.